ವಾಂತಿಭೇದಿ ಹಬ್ಬಿದ ಸೇನಾ ಶಿಬಿರದಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೇ?

ಪ್ರಶ್ನೆ: ಡೇರೆಗಳಲ್ಲಿ ತಂಗಿರುವ ತುಕಡಿಯಲ್ಲಿ ಒಮ್ಮೆಲೇ ಹಲವರಿಗೆ ವಾಂತಿಭೇದಿ ಶುರುವಾದರೆ, ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ನಿಲ್ಲುತ್ತದೆಯೇ? ಎಷ್ಟು ಹಾಕಬೇಕು?

ಉತ್ತರ: ರೋಗ ನೀರಿನಿಂದಲೇ ಬಂದಿದ್ದರೆ ಬಹುಮಟ್ಟಿಗೆ ನಿಲ್ಲುತ್ತದೆ. ಪ್ರಮಾಣ ಮಾತ್ರ ಬಾಯಿಲೆಕ್ಕದಲ್ಲಿ ಹೇಳುವಂಥದ್ದಲ್ಲ. ನೀರಿನ ಕೊಳೆ ಪೌಡರಿನಲ್ಲಿರುವ ಕ್ಲೋರಿನ್ ನುಂಗುತ್ತದೆ, ಮುಚ್ಚಳ ತೆಗೆದಿಟ್ಟ ಪೌಡರಿನ ಶಕ್ತಿ ಹಾರಿಹೋಗಿರುತ್ತದೆ. ಇದಕ್ಕೆಂದೇ ಸೇನೆಯಿಂದ ಬಂದ ಹಳೆಯ ಉಪಾಯ ಹಾರಕ್ಸ್ ಪರೀಕ್ಷೆ. ಅದರ ಪೆಟ್ಟಿಗೆಯಲ್ಲಿರುವ ಕಪ್ಪು ಬಣ್ಣದ ಕಪ್ಪಿಗೆ ಒಂದು ಮಟ್ಟ ಚಮಚ (2 ಗ್ರಾಂ) ಪೌಡರ್ ಹಾಕಿ, ನೀರಿನಲ್ಲಿ ಕಲಸಿ, ಗುರುತಿನವರೆಗೆ ತುಂಬಿಸಿ. ಆರು ಬಿಳಿ ಕಪ್ಪುಗಳಲ್ಲಿ ಪರೀಕ್ಷಿಸಬೇಕಾದ ನೀರು ಹಿಡಿದು, ಆ ದ್ರಾವಣವನ್ನು ಮೊದಲನೆಯದಕ್ಕೆ 1 ಹನಿ, ಎರಡನೆಯದಕ್ಕೆ 2, ಹೀಗೆ ಆರನೆಯದಕ್ಕೆ 6 ಹನಿ ಬಿಟ್ಟು ಕಲಕಿ. ಅರ್ಧ ಗಂಟೆ ಕಳೆದ ಮೇಲೆ ಪ್ರತಿಯೊಂದಕ್ಕೂ, ಕ್ಲೋರಿನ್ ಉಳಿದಿದ್ದರೆ ನೀಲಿಯಾಗುವ ಸ್ಟಾರ್ಚ್-ಅಯೋಡೈಡ್ ದ್ರಾವಣ 3 ಹನಿ. ಸ್ಪಷ್ಟ ನೀಲಿ ಮೊದಲು ಕಂಡದ್ದು ಮೂರನೆಯ ಕಪ್ಪಿನಲ್ಲಾದರೆ, 455 ಲೀಟರಿಗೆ 3 ಚಮಚ, ಅಂದರೆ 6 ಗ್ರಾಂ. ಹಾಕಲಿರುವ ಪೌಡರಿನಲ್ಲೇ ಪರೀಕ್ಷೆ ನಡೆಯುವುದರಿಂದ ಅದು ಹಳತಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಕದಡಿದ ನೀರನ್ನು ಮೊದಲು ತಿಳಿಗೊಳಿಸಿ. ಪೌಡರ್ ಹಾಕಿ ಒಂದು ಗಂಟೆ ಬಿಟ್ಟ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಆದರೆ ವಾಂತಿಯೇ ಜೋರಾಗಿದ್ದು, ಡೇರೆಯಿಂದ ಡೇರೆಗೆ ದಾಟುತ್ತಿದ್ದರೆ ನೊರೊವೈರಸ್ (ಒಬ್ಬರಿಂದೊಬ್ಬರಿಗೆ ಬೇಗ ಹರಡುವ ವಾಂತಿಭೇದಿಯ ವೈರಸ್) ಎಂದೇ ಭಾವಿಸಿ ಕೆಲಸ ಶುರುಮಾಡಿ. ಸೋಂಕು ತಗಲಿದವನು 12ರಿಂದ 48 ಗಂಟೆಯೊಳಗೆ ಮಲಗುತ್ತಾನೆ. ಲ್ಯಾಬ್ ವರದಿ ಬರುವವರೆಗೆ ಕಾದರೆ ಕೆಟ್ಟಿತು. 2002ರ ಮೇ ತಿಂಗಳಲ್ಲಿ ಅಫ್ಘಾನಿಸ್ತಾನದ ಬಾಗ್ರಾಮ್‌ನಲ್ಲಿ ಒಂದೇ ವಾರದೊಳಗೆ ಇದು ಹಿಡಿದದ್ದು 29 ಮಂದಿಯನ್ನು. ಎಲ್ಲರೂ ಬ್ರಿಟಿಷ್ ಸೈನಿಕರು ಮತ್ತು ಫೀಲ್ಡ್ ಆಸ್ಪತ್ರೆಯ ಸಿಬ್ಬಂದಿ. ಮೊದಲ ಮೂವರಿಗೆ ತಲೆನೋವು, ಕತ್ತು ಬಿಗಿತ ಎಲ್ಲ ಇದ್ದು, ಇಬ್ಬರಿಗೆ ವೆಂಟಿಲೇಟರ್ ಬೇಕಾಯಿತು. ಹೊಟ್ಟೆಯ ಕಾಯಿಲೆಯೆಂದು ಮೊದಲ ನೋಟಕ್ಕೇ ಹೇಳುವಂತಿರಲಿಲ್ಲ.

ಇಂಥಲ್ಲಿ ರೋಗಿಗಳಿಗೆ ಬೇರೆ ಡೇರೆ, ಬೇರೆ ಪಾಯಿಖಾನೆ. ಅವರನ್ನು ನೋಡಿಕೊಳ್ಳುವವರು ಅಡುಗೆಮನೆಯ ಕಡೆ ಸುಳಿಯಬಾರದು. ಓಆರ್‌ಎಸ್ ಕೈಗೆಟುಕುವಂತಿರಲಿ. ವಾಂತಿ ಬಿದ್ದ ಕಡೆ ಮೊದಲು ಗ್ಲೌಸ್ ಹಾಕಿ ಬಳಿದು ತೆಗೆಯಿರಿ, ಆಮೇಲೆ ಲೀಟರ್ ನೀರಿಗೆ 15 ಗ್ರಾಂ ಪೌಡರಿನ (33% ಕ್ಲೋರಿನ್ ಇರುವ ತಾಜಾ ಪೌಡರ್) ದ್ರಾವಣ ಹಾಕಿ 10 ನಿಮಿಷ ಬಿಡಿ. ಕೊಳೆಯ ಮೇಲೇ ಸುರಿದರೆ ಪೌಡರ್ ದಂಡ. ಸ್ಯಾನಿಟೈಸರ್ ನೆಚ್ಚಬೇಡಿ, ಈ ವೈರಸ್ಸಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು, ಹರಿಯುವ ನೀರೇ ಆಗಬೇಕು.

ಹೆಚ್ಚಾಗಿ ಎಡವುವುದು ಅಡುಗೆಯವರ ವಿಷಯದಲ್ಲಿ. ಜನ ಕಡಿಮೆ ಎಂದು, ಬೆಳಗ್ಗೆ ಭೇದಿ ನಿಂತವನನ್ನು ಮಧ್ಯಾಹ್ನವೇ ಹಿಟ್ಟು ಕಲಸಲು ಕೂರಿಸುತ್ತಾರೆ. ವಾಂತಿಭೇದಿ ಪೂರ್ತಿ ನಿಂತು ಕನಿಷ್ಠ 48 ಗಂಟೆ ಅವನು ಅಡುಗೆ ಮುಟ್ಟಬಾರದು. ವೈರಸ್ ಮಲದಲ್ಲಿ ವಾರಗಟ್ಟಲೆ ಹೋಗುತ್ತಿರಬಹುದು. ಹಾಗಾಗಿ ಕೆಲಸಕ್ಕೆ ಮರಳಿದ ಮೇಲೂ ಅವನು ಕೈ ತೊಳೆಯುವುದನ್ನು ಒಬ್ಬರು ನಿಂತು ನೋಡಲಿ.