ಸ್ಮೂದಿಂಗ್: ಗದ್ದಲ ತುಂಬಿದ ರೋಹಿತವನ್ನು ನಯಗೊಳಿಸುವ ಗಣನೆ

ಬೆಳಕಿನ ತೀವ್ರತೆ ಅಲೆಯುದ್ದಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದನ್ನು, ಅಂದರೆ ರೋಹಿತವನ್ನು, ಅಳೆಯುವ ರೋಹಿತಮಾಪಕ ಬರೆದುಕೊಡುವ ಗೆರೆ ಎಂದೂ ಪೂರ್ತಿ ನುಣುಪಾಗಿರುವುದಿಲ್ಲ. ಪತ್ತೆಸಾಧನಕ್ಕೆ ಬಂದು ತಲುಪುವ ಫೋಟಾನ್‌ಗಳ ಎಣಿಕೆಯಲ್ಲೇ ಇರುವ ಏರುಪೇರು ಮತ್ತು ಎಲೆಕ್ಟ್ರಾನಿಕ್ ಮಂಡಲದ ಉಷ್ಣಜನ್ಯ ಏರಿಳಿತ ಸೇರಿ ನಿಜವಾದ ಶೃಂಗಗಳ (ಗೆರೆಯಲ್ಲಿ ಮೇಲೆದ್ದ ಉಬ್ಬುಗಳ) ಮೇಲೆ ಸಣ್ಣ ಸಣ್ಣ ಮುಳ್ಳುಗಳನ್ನು ಎಬ್ಬಿಸಿರುತ್ತವೆ. ಪ್ರತಿ ಬಿಂದುವಿನ ಮೌಲ್ಯವನ್ನು ಅದರ ನೆರೆಯ ಬಿಂದುಗಳ ನೆರವಿನಿಂದ ಮತ್ತೆ ಅಂದಾಜಿಸಿ ಈ ಗದ್ದಲವನ್ನು ತಗ್ಗಿಸುವ ಗಣನೆಯನ್ನು ದತ್ತಾಂಶ ವಿಶ್ಲೇಷಣೆಯ ತಂತ್ರಾಂಶಗಳಲ್ಲಿ ಸ್ಮೂದಿಂಗ್ ಎನ್ನುತ್ತಾರೆ. ಶೃಂಗವು ಹಲವು ಬಿಂದುಗಳಷ್ಟು ಅಗಲವಾಗಿರುತ್ತದೆ, ಗದ್ದಲ ಮಾತ್ರ ಒಂದೊಂದು ಬಿಂದುವಿನಲ್ಲೂ ಸ್ವತಂತ್ರವಾಗಿ ಬದಲಾಗುತ್ತದೆ ಎಂಬ ಗ್ರಹಿಕೆಯೇ ಇದಕ್ಕೆ ಆಧಾರ.

ಅತ್ಯಂತ ಸರಳವಾದದ್ದು ಚಲಿಸುವ ಸರಾಸರಿ: ಪ್ರತಿ ಬಿಂದುವಿನ ಜಾಗದಲ್ಲಿ ಅದರ ಮತ್ತು ಅಕ್ಕಪಕ್ಕದ ಕೆಲವು ಬಿಂದುಗಳ ಸರಾಸರಿಯನ್ನು ಇಡುವುದು. ಅದು ಗದ್ದಲವನ್ನು ಚೆನ್ನಾಗಿಯೇ ಇಳಿಸುತ್ತದೆ, ಆದರೆ ಶೃಂಗವನ್ನೂ ಜೊತೆಗೇ ಇಳಿಸುತ್ತದೆ. ಈ ಕೊರತೆಗೆ ವೈಜ್ಞಾನಿಕ ಉಪಕರಣಗಳನ್ನು ತಯಾರಿಸುವ ಪರ್ಕಿನ್-ಎಲ್ಮರ್ ಸಂಸ್ಥೆಯಲ್ಲಿದ್ದ ಅಬ್ರಹಾಂ ಸವಿಟ್ಸ್ಕಿ ಮತ್ತು ಮಾರ್ಸೆಲ್ ಗೊಲೇ 1964ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಉತ್ತರ. ಅವರ ವಿಧಾನದಲ್ಲಿ, ಕಿಟಕಿಯೊಳಗೆ (ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಅಕ್ಕಪಕ್ಕದ ಬಿಂದುಗಳ ಗುಂಪಿನೊಳಗೆ) ಬೀಳುವ ಬಿಂದುಗಳಿಗೆ ಕನಿಷ್ಠ ವರ್ಗಗಳ ರೀತಿಯಲ್ಲಿ, ಅಂದರೆ ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ, ಒಂದು ಬಹುಪದೋಕ್ತಿಯನ್ನು ಹೊಂದಿಸಿ, ನಡುವಿನ ಬಿಂದುವಿನಲ್ಲಿ ಅದರ ಬೆಲೆಯನ್ನು ತೆಗೆದುಕೊಂಡು, ಕಿಟಕಿಯನ್ನು ಒಂದು ಬಿಂದು ಮುಂದಕ್ಕೆ ಸರಿಸಲಾಗುತ್ತದೆ. ಬಿಂದುಗಳ ಅಂತರ ಸಮಾನವಾಗಿದ್ದರೆ ಇಷ್ಟೆಲ್ಲವೂ ಕೆಲವು ಸ್ಥಿರ ಗುಣಾಂಕಗಳಿಂದ ಗುಣಿಸಿ ಕೂಡುವ ಕೆಲಸಕ್ಕೆ ಇಳಿಯುತ್ತದೆ. ಐದು ಬಿಂದು, ಎರಡನೆಯ ಘಾತಕ್ಕೆ ಆ ಗುಣಾಂಕಗಳು −3, 12, 17, 12, −3. ಬಂದ ಮೊತ್ತವನ್ನು 35ರಿಂದ ಭಾಗಿಸಬೇಕು.

6, 9, 10, 9, 6 ಎಂಬ ಪುಟ್ಟ ಶೃಂಗವನ್ನು ನೋಡೋಣ. ಸರಾಸರಿ ತೆಗೆದರೆ ನೆತ್ತಿಯ 10 ಕುಸಿದು 8 ಆಗುತ್ತದೆ. ಮೇಲಿನ ಗುಣಾಂಕಗಳನ್ನು ಬಳಸಿದರೆ ಮೊತ್ತ 350, ಭಾಗಿಸಿದರೆ ಸರಿಯಾಗಿ 10. ಆದರೆ ಇದು ಪುಕ್ಕಟೆಯಾಗಿ ದಕ್ಕಿದ್ದಲ್ಲ: ಐದು ಬಿಂದುಗಳ ಸರಾಸರಿ ಗದ್ದಲವನ್ನು ಸುಮಾರು 45 ಶೇಕಡಕ್ಕೆ ಇಳಿಸಿದರೆ, ಈ ವಿಧಾನ ಸುಮಾರು 70 ಶೇಕಡಕ್ಕಷ್ಟೇ ಇಳಿಸುತ್ತದೆ.

ಹೀಗಾಗಿ ಕಿಟಕಿಯ ಅಗಲವನ್ನು ಕಣ್ಣಿಗೆ ಹಿತವೆನಿಸುವಂತೆ ಅಲ್ಲ, ರೋಹಿತದ ಅತ್ಯಂತ ಕಿರಿದಾದ ಶೃಂಗವನ್ನು ನೋಡಿ ಆರಿಸಬೇಕು. ಸಿಲಿಕಾನ್ ಹರಳಿನ ರಾಮನ್ ರೋಹಿತದಲ್ಲಿ (ವಸ್ತುವಿನಿಂದ ಚದುರಿದ ಬೆಳಕಿನ ರೋಹಿತದಲ್ಲಿ) ತರಂಗಸಂಖ್ಯೆ (ಒಂದು ಸೆಂಟಿಮೀಟರಿಗೆ ಅಲೆಗಳ ಎಣಿಕೆ) 520ರ ಬಳಿ ಕಾಣುವ ಶೃಂಗ ನಾಲ್ಕೈದು ಬಿಂದುಗಳಲ್ಲೇ ಮುಗಿದುಹೋಗುವಂತಿರುವಾಗ 21 ಬಿಂದುಗಳ ಕಿಟಕಿಯಿಟ್ಟರೆ, ಅದರ ಎತ್ತರ ಕುಗ್ಗುವುದಲ್ಲದೆ ಎರಡೂ ಮಗ್ಗುಲಲ್ಲಿ ಮಾದರಿಯಲ್ಲಿ ಇಲ್ಲವೇ ಇಲ್ಲದ ತಗ್ಗುಗಳು ಮೂಡುತ್ತವೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಮೂದಿಂಗ್ ದತ್ತಾಂಶಕ್ಕೆ ಹೊಸ ಮಾಹಿತಿಯನ್ನೇನೂ ಸೇರಿಸುವುದಿಲ್ಲ. ಶೃಂಗಗಳನ್ನು ಗುರುತಿಸಲು ಅದು ಉಪಯುಕ್ತ. ಅವಕಲನ (ಗೆರೆ ಎಷ್ಟು ವೇಗವಾಗಿ ಏರಿಳಿಯುತ್ತದೆ ಎಂಬ ದರ) ತೆಗೆಯುವಾಗಲಂತೂ ಗದ್ದಲ ಹಲವು ಪಟ್ಟು ಹಿಗ್ಗುವುದರಿಂದ ಅನಿವಾರ್ಯ ಎನ್ನಬಹುದು. ಆದರೆ ಶೃಂಗದ ಅಗಲ, ವಿಸ್ತೀರ್ಣಗಳನ್ನು ವಕ್ರರೇಖೆ ಹೊಂದಿಸಿ ಅಳೆಯುವುದಿದ್ದರೆ ಮೂಲ ದತ್ತಾಂಶವನ್ನೇ ಬಳಸಬೇಕು. ಏಕೆಂದರೆ ನಯಗೊಳಿಸಿದ ಬಿಂದುಗಳು ಪರಸ್ಪರ ಅವಲಂಬಿತವಾಗಿಬಿಟ್ಟಿರುತ್ತವೆ, ಅವುಗಳಿಂದ ಹೊರಡುವ ದೋಷದ ಅಂದಾಜು ವಾಸ್ತವಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನಯಗೊಳಿಸಿದ ರೋಹಿತವನ್ನು ಪ್ರಬಂಧದಲ್ಲಿ ತೋರಿಸುವಾಗ ಮೂಲ ಗೆರೆಯನ್ನೂ ತೆಳುವಾಗಿ ಹಿಂದೆ ಇಟ್ಟು, ಕಿಟಕಿಯ ಅಗಲ ಮತ್ತು ಬಹುಪದೋಕ್ತಿಯ ಘಾತವನ್ನು ಚಿತ್ರದ ಅಡಿಬರಹದಲ್ಲೇ ನಮೂದಿಸಬೇಕು.