ಕಲಾ ಪದವಿ ಆನ್‌ಲೈನ್‌ನಲ್ಲಿ ಸಾಕಾ, ಕ್ಲಾಸಿಗೇ ಹೋಗಬೇಕಾ?

ಓದುಗರ ಪ್ರಶ್ನೆ: ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರಕ್ಕೆಲ್ಲ ಲ್ಯಾಬ್ ಬೇಕಿಲ್ಲ. ಪುಸ್ತಕ ಓದಬೇಕು, ಬರೆಯಬೇಕು, ಅಷ್ಟೇ. ಹಾಗಿದ್ದ ಮೇಲೆ ಬಿ.ಎ.ಯನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮುಗಿಸಬಹುದಲ್ವಾ? ಕ್ಲಾಸಿಗೆ ಹೋಗುವವರಿಗೆ ಜಾಸ್ತಿ ಸಿಗುವುದಾದರೂ ಏನು?

ಉತ್ತರ: ಖಂಡಿತ ಮುಗಿಸಬಹುದು. ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಕಾಲೇಜಿಗೆ ಬಾರದವರೂ ಪರೀಕ್ಷೆ ಬರೆದು ಪದವಿ ಪಡೆಯುವ ದಾರಿಯನ್ನು ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ತೆರೆದಿತ್ತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಮೊದಲ ಕೋರ್ಸ್‌ಗಳಲ್ಲಿ ಕಲಾ ವಿಷಯವೂ ಇತ್ತು. ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು, ಪಾಠಗಳು ಬಿಬಿಸಿ ಟಿವಿ, ರೇಡಿಯೊದಲ್ಲಿ. ಆದರೂ ಅವರು ಬೇಸಿಗೆಯಲ್ಲಿ ಒಂದು ವಾರ ಎಲ್ಲರನ್ನೂ ಒಂದೆಡೆ ಸೇರಿಸುತ್ತಿದ್ದರು. ಯಾಕೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಮೊದಲು ಸಮಯದ ಲೆಕ್ಕ ನೋಡೋಣ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಇದರಲ್ಲಿ ಉಪನ್ಯಾಸ ಮಾತ್ರವಲ್ಲ, ನಿಮ್ಮ ಓದು, ಬರಹ, ಪರೀಕ್ಷೆಯ ತಯಾರಿ ಎಲ್ಲವೂ ಸೇರಿದೆ. ಕಲಾ ವಿಷಯಗಳಲ್ಲಿ ಹೆಚ್ಚು ಹೊತ್ತು ಹೋಗುವುದು ಒಬ್ಬರೇ ಕೂತು ಓದುವುದಕ್ಕೆ. ಆ ಭಾಗ ಎಲ್ಲಿ ಸೇರಿದರೂ ಒಂದೇ, ನಿಮ್ಮ ಬದಲು ಬೇರೆ ಯಾರೂ ಓದಿಕೊಡುವುದಿಲ್ಲ.

ಉಪನ್ಯಾಸದ ಮಟ್ಟಿಗೆ ರೆಕಾರ್ಡಿಂಗೇ ಮೇಲು ಅಂತ ನನಗೆ ಎಷ್ಟೋ ಸಲ ಅನಿಸುತ್ತದೆ. ಅರ್ಥವಾಗದಿದ್ದರೆ ನಿಲ್ಲಿಸಿ ಮತ್ತೆ ಕೇಳಬಹುದು. ದೊಡ್ಡ ಹಾಲ್‌ನ ಹಿಂದಿನ ಬೆಂಚಿನಲ್ಲಿ ಆ ಸೌಕರ್ಯ ಇಲ್ಲ. ಒಂದೇ ತೊಂದರೆ, 'ಆಮೇಲೆ ನೋಡೋಣ' ಅಂತ ಬಿಟ್ಟ ವಿಡಿಯೊಗಳು ಪರೀಕ್ಷೆ ಹತ್ತಿರ ಬರುವಾಗ ಗುಡ್ಡೆಯಾಗಿರುತ್ತವೆ.

ನಿಜವಾದ ವ್ಯತ್ಯಾಸ ಇರುವುದು ಸೆಮಿನಾರ್‌ನಲ್ಲಿ. ಹತ್ತು ಹದಿನೈದು ಜನ ಒಂದೇ ಕವಿತೆಯನ್ನೋ ಹಳೆಯ ದಾಖಲೆಯನ್ನೋ ಮುಂದಿಟ್ಟುಕೊಂಡು ಜಗ್ಗಾಡುವ ಹೊತ್ತು ಅದು. ಒಬ್ಬರ ಮಾತು ಮುಗಿದು ಇನ್ನೊಬ್ಬರು ಬಾಯಿ ತೆರೆಯುವ ನಡುವೆ ನಾವು ಬಿಡುವ ಅಂತರ ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಕಣ್ಣು ಮಿಟುಕಿಸುವಷ್ಟು. ವಿಡಿಯೊ ಕಾಲ್‌ನಲ್ಲಿ ದನಿ ತಲುಪುವುದೇ ಅಷ್ಟು ತಡವಾದರೆ ಇಬ್ಬರು ಒಟ್ಟಿಗೆ ಶುರು ಮಾಡುತ್ತಾರೆ, ಇಬ್ಬರೂ 'ನೀವು ಹೇಳಿ' ಅಂತ ನಿಲ್ಲುತ್ತಾರೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಯಾರೂ ಮೈಕ್ ಆನ್ ಮಾಡುವುದಿಲ್ಲ. ಕ್ಯಾಮೆರಾನೂ ಆಫ್ ಆಗಿದ್ದರೆ, ಯಾರ ಹುಬ್ಬು ಗಂಟಿಕ್ಕಿದೆ, ಯಾರಿಗೆ ಏನೋ ಹೇಳಬೇಕು ಅನಿಸಿದೆ ಅನ್ನುವುದು ಮೇಷ್ಟ್ರಿಗೆ ಗೊತ್ತಾಗುವುದಾದರೂ ಹೇಗೆ? ಕೊನೆಗೆ ಅವರೇ ಮಾತಾಡುತ್ತಾರೆ, ಸೆಮಿನಾರ್ ಹೋಗಿ ಉಪನ್ಯಾಸ ಆಗುತ್ತದೆ.

ಹಾಗಂತ ಆನ್‌ಲೈನ್ ಚರ್ಚೆಯನ್ನು ಪೂರಾ ತಳ್ಳಿಹಾಕಬೇಡಿ. ವಾರವಿಡೀ ಬರಹದಲ್ಲಿ ನಡೆಯುವ ಚರ್ಚೆಯಲ್ಲಿ ಕ್ಲಾಸಿನಲ್ಲಿ ತುಟಿ ಬಿಚ್ಚದವರೂ ಮಾತಾಡುತ್ತಾರೆ. ಯೋಚಿಸಲು ಸಮಯ ಸಿಗುತ್ತದಲ್ಲ! ಜೊತೆಗೆ, ಬರೆದು ವಾದ ಮಾಡುವುದೇ ಕಲಾ ವಿಷಯದ ಅರ್ಧ ತರಬೇತಿ. ಮೇಷ್ಟ್ರೂ ಅದರಲ್ಲಿ ಇಳಿದು ಬರೆಯಬೇಕು ಅಷ್ಟೇ. ಇಲ್ಲದಿದ್ದರೆ ಹಾಜರಿಗಾಗಿ ಸುಮ್ನೆ 'ಚೆನ್ನಾಗಿದೆ, ಒಪ್ಪುತ್ತೇನೆ' ಅಂತ ಬರೆದು ಹೋಗುವವರೇ ಜಾಸ್ತಿ.

ಚಿತ್ರಕಲೆ, ನಾಟಕ, ನೃತ್ಯ ಕಲಿಯುವವರ ಕಥೆಯೇ ಬೇರೆ, ಅವರಿಗೆ ಸ್ಟುಡಿಯೊ ಬೇಕೇ ಬೇಕು. ಕಲೆಯ ಇತಿಹಾಸ ಓದುವವರಿಗೂ ಪರದೆ ಒಂದು ಮೋಸ ಮಾಡುತ್ತದೆ. ಪಿಕಾಸೊನ 'ಗೆರ್ನಿಕಾ' ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. 'ಮೋನಾಲಿಸಾ' 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಲ್ಯಾಪ್‌ಟಾಪಿನಲ್ಲಿ ಎರಡೂ ಅಂಗೈಯಗಲ.

ಆದ್ದರಿಂದ ಆನ್‌ಲೈನಾ ಆಫ್‌ಲೈನಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಸೇರಬೇಕೆಂದಿರುವ ಕಡೆ ಕೆಲವು ವಿಷಯ ವಿಚಾರಿಸಿ. ಚರ್ಚೆಯ ಗುಂಪಿನಲ್ಲಿ ಎಷ್ಟು ಜನ? ಅದು ನೇರವಾಗಿ ನಡೆಯುತ್ತದಾ, ಬರೀ ರೆಕಾರ್ಡಿಂಗಾ? ನೀವು ಬರೆದ ಪ್ರಬಂಧ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ, ಬಂದಾಗ ಅದರಲ್ಲಿ ಅಂಕ ಮಾತ್ರ ಇರುತ್ತದಾ, ಯಾರಾದರೂ ಓದಿ ಪುಟದ ಅಂಚಿನಲ್ಲಿ ಟಿಪ್ಪಣಿ ಬರೆದಿರುತ್ತಾರಾ?