ತೊಗರಿಗೆ ದಿನದ ದರ ಇದೆ, ಸಾಫ್ಟ್‌ವೇರ್‌ಗೆ ಏಕಿಲ್ಲ?

ಕಲಬುರಗಿಯ ಗಂಜ್‌ನಲ್ಲಿ ಒಂದು ಲಾಟ್ ತೊಗರಿ ಇನ್ನೊಂದರಂತೆ ಇರುವುದಿಲ್ಲ. ತೇವಾಂಶ ಬೇರೆ, ಕಾಳಿನ ಗಾತ್ರ ಬೇರೆ, ಕಸಕಡ್ಡಿ ಬೇರೆ. ಆದರೂ ಎಪಿಎಂಸಿ ಕ್ವಿಂಟಲ್‌ಗೆ ಮೂರು ದರ ಪ್ರಕಟಿಸುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಎಂದರೆ ಸರಾಸರಿಯಲ್ಲ, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಆಳಂದದ ರೈತ ಮನೆಯಲ್ಲೇ ಕೂತು ಅದನ್ನು ನೋಡಿ, ಇಂದೇ ಮಾಲು ಸಾಗಿಸಬೇಕೋ ಎರಡು ದಿನ ತಡೆಯಬೇಕೋ ಎಂದು ನಿರ್ಧರಿಸಬಹುದು.

ಅದೇ ತೊಗರಿ ಖರೀದಿಸುವ ದಾಲ್‌ಮಿಲ್ ಮಾಲೀಕರು ಇಆರ್‌ಪಿ (ಖರೀದಿ, ದಾಸ್ತಾನು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೆಡೆ ನೋಡಿಕೊಳ್ಳುವ) ಸಾಫ್ಟ್‌ವೇರ್ ಕೊಳ್ಳಲು ಹೊರಟರೆ ಇಂಥ ದರ ಕಣ್ಣಿಗೆ ಬೀಳುವುದು ಅಪರೂಪ. ಟ್ಯಾಲಿ, ಜೋಹೊ ಕಂಪನಿಗಳು ಬೆಲೆಯನ್ನು ವೆಬ್‌ಸೈಟ್‌ನಲ್ಲೇ ಹಾಕಿವೆ. ದೊಡ್ಡ ಇಆರ್‌ಪಿ ಮಾರುವ ಅನೇಕರ ಪುಟದಲ್ಲಿ ಬೆಲೆ ಇರಬೇಕಾದ ಕಡೆ ‘ನಮ್ಮನ್ನು ಸಂಪರ್ಕಿಸಿ’ ಎಂಬ ಬಟನ್ ಇರುತ್ತದೆ. ಒತ್ತಿದರೆ ಫೋನ್ ಬರುತ್ತದೆ. ಮೊದಲ ಪ್ರಶ್ನೆಗಳಲ್ಲೊಂದು, ‘ಟರ್ನೋವರ್ ಎಷ್ಟು ಸರ್?’ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಜಿಎಸ್‌ಟಿ ಬಿಲ್) ಬೇಕೇ ಎಂದು ತಿಳಿಯಲು ವಹಿವಾಟು 5 ಕೋಟಿ ದಾಟಿದೆಯೇ ಎಂದಷ್ಟೇ ಕೇಳಿದರೆ ಸಾಕು. ಪೂರ್ತಿ ಅಂಕಿ ಬೇಕಾಗುವುದು ಗಿರಾಕಿಯ ಜೇಬು ನೋಡಿ ಬೆಲೆ ಕಟ್ಟುವುದಕ್ಕೆ.

‘ಪ್ರತಿ ಗ್ರಾಹಕರ ಅಗತ್ಯ ಬೇರೆ, ಹಾಗಾಗಿ ಒಂದೇ ಬೆಲೆ ಹೇಳಲಾಗದು’ ಎನ್ನುವುದು ಮಾರುವವರ ಮುಖ್ಯ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಹಳೆಯ ಲೆಕ್ಕ ತುಂಬುವುದು, ವೇಬ್ರಿಡ್ಜ್ (ಲಾರಿ ತೂಗುವ ತಕ್ಕಡಿ) ಜೋಡಿಸುವುದು, ಸಿಬ್ಬಂದಿಗೆ ಕಲಿಸುವುದು ಮಿಲ್‌ನಿಂದ ಮಿಲ್‌ಗೆ ಬದಲಾಗುವ ಕೆಲಸ. ಆದರೆ ಲೈಸೆನ್ಸ್ ದರ, ಎಎಂಸಿ (ವಾರ್ಷಿಕ ನಿರ್ವಹಣಾ ಶುಲ್ಕ) ಶೇಕಡಾವಾರು, ಎಂಜಿನಿಯರ್ ಒಬ್ಬರ ದಿನದ ದರ ಬದಲಾಗಬೇಕಿಲ್ಲ. ಅವನ್ನು ಪ್ರಕಟಿಸಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೆಲೆ ಮುಚ್ಚಿಟ್ಟಾಗ ದೊಡ್ಡ ಪೆಟ್ಟು ಬೀಳುವುದು ಎಎಂಸಿಯಲ್ಲಿ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳುವ ಸಾಫ್ಟ್‌ವೇರ್‌ಗೆ ಅದು ಸಾಮಾನ್ಯವಾಗಿ ವರ್ಷಕ್ಕೆ ಲೈಸೆನ್ಸ್ ಬೆಲೆಯ ಶೇ 15ರಿಂದ 22. ಯಾವ ಬೆಲೆಯ ಮೇಲೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಪಟ್ಟಿ ಬೆಲೆ 10 ಲಕ್ಷ, ಶೇ 40 ರಿಯಾಯಿತಿ ಕಳೆದು 6 ಲಕ್ಷಕ್ಕೆ ವ್ಯವಹಾರ ಕುದುರಿತು ಎಂದುಕೊಳ್ಳಿ. ಎಎಂಸಿ ಶೇ 20. ಕೊಟ್ಟ 6 ಲಕ್ಷದ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ 1.2 ಲಕ್ಷ, ಪಟ್ಟಿ ಬೆಲೆಯ ಮೇಲಾದರೆ 2 ಲಕ್ಷ. ಮೊದಲ ವರ್ಷ ಉಚಿತವಾದರೂ ಮುಂದಿನ ನಾಲ್ಕು ವರ್ಷದಲ್ಲಿ 3.2 ಲಕ್ಷ ಹೆಚ್ಚು ಕಟ್ಟುತ್ತೀರಿ. ರಿಯಾಯಿತಿಯಲ್ಲಿ ಉಳಿದ 4 ಲಕ್ಷದಲ್ಲಿ ಶೇ 80 ಭಾಗ ಸದ್ದಿಲ್ಲದೆ ವಾಪಸ್ ಹೋಯಿತು. ಪಟ್ಟಿ ಬೆಲೆ ಎಲ್ಲರೆದುರು ಇದ್ದಿದ್ದರೆ ಈ ಲೆಕ್ಕ ಸಹಿ ಹಾಕುವ ಮೊದಲೇ ಗೊತ್ತಾಗುತ್ತಿತ್ತು.

ಬಳಕೆದಾರರ ಲೆಕ್ಕವೂ ಹೀಗೆಯೇ. ನಮ್ಮ ಕಡೆ ಡಿಸೆಂಬರ್ ಕೊನೆಯಿಂದ ಮೂರ್ನಾಲ್ಕು ತಿಂಗಳು ತೊಗರಿ ಆವಕ ಜೋರು. ಉಳಿದ ಸಮಯದಲ್ಲಿ 8 ಜನ ಬಳಸುವ ಸಾಫ್ಟ್‌ವೇರನ್ನು ಸೀಸನ್‌ನಲ್ಲಿ 20 ಜನ ಬಳಸಬೇಕಾಗಬಹುದು. ಹೆಸರಿಗೊಂದು ಲಾಗಿನ್ ಎಂಬ ವಾರ್ಷಿಕ ಲೈಸೆನ್ಸ್ ಆದರೆ 20 ಜನರಿಗೆ 12 ತಿಂಗಳು, ಅಂದರೆ 240 ತಿಂಗಳ ಹಣ. ಸೀಸನ್ ನಾಲ್ಕು ತಿಂಗಳು ಎಂದು ಹಿಡಿದರೂ ಬಳಸಿದ್ದು 144. ತಿಂಗಳ ಲೆಕ್ಕದಲ್ಲಿ ಲಾಗಿನ್ ಏರಿಸಿ ಇಳಿಸಲು ಬರುತ್ತದೆಯೇ, ಅಥವಾ ಏಕಕಾಲಕ್ಕೆ ಒಳಗಿರುವವರನ್ನಷ್ಟೇ ಎಣಿಸುತ್ತಾರೆಯೇ ಎಂಬುದು ಬೆಲೆಯಷ್ಟೇ ಮುಖ್ಯ. ಬೆಲೆ ಪುಟದಲ್ಲಿ ಇದಕ್ಕೆ ಒಂದು ಸಾಲು ಸಾಕು.

ಇನ್ನೊಂದು, ದಾಲ್‌ಮಿಲ್‌ನವರಿಗೇ ವಿಶೇಷವಾಗಿ ತಟ್ಟುವುದು. ಸಾಫ್ಟ್‌ವೇರ್ ಮೇಲಿನ ಜಿಎಸ್‌ಟಿ ಶೇ 18. ‘ಹೇಗೂ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ’, ಅಂದರೆ ಕೊಂಡಾಗ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು ಮಾರುವವರು ಹೇಳಿಬಿಡುತ್ತಾರೆ. ಬೇಳೆಗೆ ಜಿಎಸ್‌ಟಿ ಇರುವುದು 25 ಕೆ.ಜಿ.ವರೆಗಿನ, ಲೇಬಲ್ ಹಾಕಿದ ಪ್ಯಾಕ್‌ಗೆ. 50 ಕೆ.ಜಿ. ಚೀಲದಲ್ಲಿ ಹೋಗುವ ಮಾಲಿಗೆ ತೆರಿಗೆ ಇಲ್ಲ, ಆ ಮಾರಾಟದ ಪಾಲಿಗೆ ಕ್ರೆಡಿಟ್ಟೂ ಇಲ್ಲ. ಪೂರ್ತಿ ಚೀಲದ ವ್ಯಾಪಾರವೇ ಆದರೆ 6 ಲಕ್ಷದ ಮೇಲಿನ 1.08 ಲಕ್ಷ ನೇರ ಖರ್ಚು. ಎಎಂಸಿ ಮೇಲೂ ಪ್ರತಿ ವರ್ಷ ಇದೇ ಕತೆ. ಹಾಗಾಗಿ ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಿ.

ಬೆಲೆ ಹಾಕಿದರೆ ಪ್ರತಿಸ್ಪರ್ಧಿ ನೋಡಿ ನೂರು ರೂಪಾಯಿ ಕಡಿಮೆ ಹೇಳುತ್ತಾನೆ ಎನ್ನುವ ಭಯ ಮಾರುವವರಿಗಿದೆ. ಪ್ರತಿಸ್ಪರ್ಧಿಗೆ ಆ ಬೆಲೆ ಈಗಲೂ ಗೊತ್ತಾಗುತ್ತದೆ. ಗಿರಾಕಿಯೇ ಒಬ್ಬರ ಕೊಟೇಶನ್ ಇನ್ನೊಬ್ಬರಿಗೆ ತೋರಿಸಿ ಚೌಕಾಸಿ ಮಾಡುತ್ತಾನಲ್ಲ. ಕತ್ತಲಲ್ಲಿ ಉಳಿಯುವುದು ಮೊದಲ ಸಲ ಕೊಳ್ಳುವ ಯಾದಗಿರಿಯ ಸಣ್ಣ ಮಿಲ್‌ನವರು.

‘25,000 ರೂಪಾಯಿಯಿಂದ ಆರಂಭ’ ಎಂದು ಬರೆದು ಕೈತೊಳೆದುಕೊಳ್ಳುವುದು ಬೆಲೆ ಪ್ರಕಟಿಸಿದಂತಲ್ಲ. ಎಪಿಎಂಸಿಯ ರೀತಿಯನ್ನೇ ತೆಗೆದುಕೊಳ್ಳಬಹುದು. ಕಳೆದ ವರ್ಷ ಇದೇ ಗಾತ್ರದ ಮಿಲ್‌ಗಳಲ್ಲಿ ಸಾಫ್ಟ್‌ವೇರ್ ಕೂರಿಸಿದ ಒಟ್ಟು ಬಿಲ್‌ಗಳ ಕನಿಷ್ಠ, ಗರಿಷ್ಠ, ಮಾದರಿ ಮೊತ್ತ ಹಾಕಿ. ಗ್ರಾಹಕರ ಹೆಸರು ಬೇಡ. ಜೊತೆಗೆ ಎಷ್ಟು ಬಳಕೆದಾರರು, ಎಷ್ಟು ದಿನದ ಕೆಲಸ, ದರ ಯಾವ ದಿನಾಂಕದವರೆಗೆ ಎಂದಿರಲಿ. ಪ್ರಯಾಣ, ವಸತಿ ಖರ್ಚನ್ನು ಬಿಡಿಸಿ ಬರೆಯಿರಿ. ವೇಬ್ರಿಡ್ಜ್‌ನ ಇಂಡಿಕೇಟರ್‌ನಿಂದ (ತೂಕ ತೋರಿಸುವ ಪೆಟ್ಟಿಗೆ) ತೂಕ ನೇರ ಕಂಪ್ಯೂಟರ್‌ಗೆ ಬರಲು ಎಂಜಿನಿಯರ್ ಸ್ಥಳಕ್ಕೇ ಬರಬೇಕಾಗುವುದು ಸಾಮಾನ್ಯ. ಇಂಡಿಕೇಟರ್ ಕಳಿಸುವ ದತ್ತಾಂಶದ ಮಾದರಿ ಕಂಪನಿಯಿಂದ ಕಂಪನಿಗೆ ಬೇರೆ. ಒಂದು ದಿನದ ಕೆಲಸ ಮೂರು ದಿನವಾಗುವುದು ಇಲ್ಲೇ. ಬೆಂಗಳೂರಿನಿಂದ ಬರುವವರಿಗೂ ನಮಗೆ ಹತ್ತಿರದ ಹೈದರಾಬಾದಿನಿಂದ ಬರುವವರಿಗೂ ಆ ಖರ್ಚಿನಲ್ಲಿ ವ್ಯತ್ಯಾಸವಿದೆ.

ಬೆಲೆ ಪ್ರಕಟಿಸದ ಕಂಪನಿಯ ಜೊತೆ ವ್ಯವಹರಿಸಲೇಬೇಕಾದರೆ, ಡೆಮೊಗೆ ಒಪ್ಪುವ ಮೊದಲೇ ಐದು ವರ್ಷದ ಒಟ್ಟು ಖರ್ಚನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಎಎಂಸಿ ಯಾವ ಮೊತ್ತದ ಮೇಲೆ, ವರ್ಷಕ್ಕೆ ಶೇ ಎಷ್ಟರವರೆಗೆ ಏರಿಸಬಹುದು ಎಂಬುದೂ ಅದರಲ್ಲಿರಲಿ. ಬಿಟ್ಟು ಹೋಗುವಾಗ ದತ್ತಾಂಶವನ್ನು ಎಕ್ಸೆಲ್ ರೂಪದಲ್ಲಿ ಕೊಡಲು ಎಷ್ಟು ಹಣ ಕೇಳುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಸಾಫ್ಟ್‌ವೇರ್ ಬದಲಾಯಿಸಿದರೂ ಆ ಹೊಣೆ ಮಿಲ್‌ನದೇ.